ಕ್ಯಾಟ್: ಬಿಡಬೇಕಾದ ಪ್ರಶ್ನೆ ಯಾವುದು?

ಐಐಎಂಗಳ ಎಂಬಿಎ ಪ್ರವೇಶಕ್ಕೆ ಮೊದಲ ಮೆಟ್ಟಿಲಾದ ಕ್ಯಾಟ್ ಪರೀಕ್ಷೆಯಲ್ಲಿ ಬಲ್ಲವರೂ ಎಡವುವುದುಂಟು. ಕಾರಣ, ಸಮಯದ ಅಭಾವ. 2020ರಿಂದ ಪರೀಕ್ಷೆಯ ಅವಧಿ 120 ನಿಮಿಷ. ಇಂಗ್ಲಿಷ್, ದತ್ತಾಂಶ ವಿಶ್ಲೇಷಣೆ ಮತ್ತು ತರ್ಕ, ಗಣಿತ ವಿಭಾಗಗಳಿಗೆ ತಲಾ 40 ನಿಮಿಷ. ಒಂದರ ಸಮಯವನ್ನು ಮತ್ತೊಂದಕ್ಕೆ ಬಳಸುವಂತಿಲ್ಲ.

ಸರಿಯುತ್ತರಕ್ಕೆ 3 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ನೀಡಿದರೆ 1 ಅಂಕ ಖೋತಾ. ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಗಳಿಗೆ ಈ ದಂಡವಿಲ್ಲ. ಆದ್ದರಿಂದ ಅಣಕು ಪರೀಕ್ಷೆ ಬರೆದರಷ್ಟೇ ಸಾಲದು; ಯಾವ ಪ್ರಶ್ನೆಗೆ ಎಷ್ಟು ನಿಮಿಷ ವ್ಯಯವಾಯಿತು, ಯಾವುದನ್ನು ಬಿಡಬಹುದಿತ್ತು ಎಂಬುದನ್ನೂ ಪರಿಶೀಲಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ವಿಭಾಗಕ್ಕೆ ಅಂಜುವುದು ಸಹಜ. ಅಲ್ಲಿ ಕಠಿಣ ಪದಗಳ ಕಂಠಪಾಠಕ್ಕಿಂತ ದೀರ್ಘ ಗದ್ಯವನ್ನು ಗ್ರಹಿಸುವ ಶಕ್ತಿಗೆ ಬೆಲೆ ಹೆಚ್ಚು. ನಿತ್ಯ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ಎರಡು ಸಾಲುಗಳಲ್ಲಿ, ಕನ್ನಡದಲ್ಲಾದರೂ ಸರಿ, ಬರೆಯುವ ರೂಢಿ ನೆರವಾದೀತು.