ಪ್ರವಾಸಕ್ಕೆ ಡಿಸ್ಕ್ ಪೆಟ್ಟಿಗೆ ಬೇಕೆ?

ಶಿರೂರು ಎಂದ ಕೂಡಲೆ ಕನ್ನಡನಾಡಿನ ಬಂಧುಗಳಿಗೆ ಉಡುಪಿಯ ಅಷ್ಟಮಠಗಳಲ್ಲೊಂದರ ನೆನಪಾಗುತ್ತದೆ. ನಾನು ಹೇಳುವ ಶಿರೂರು ಅದಲ್ಲ. ಇದು ಪುಣೆಯಿಂದ ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಘೋಡ ನದಿಯ ದಡದ ಮೇಲಿರುವ ತಾಲೂಕು ಸ್ಥಳ. ಊರಿಗೆ ರೈಲಿಲ್ಲ. ಆದುದರಿಂದ ಕಲಬುರ್ಗಿಗೆ ಹೋಗಬೇಕಾದ ನಮ್ಮಂಥವರು ಮೊದಲು ಬಸ್ಸು ಹಿಡಿದು ದೌಂಡಿಗೆ ಹೋಗಿ, ಅಲ್ಲಿಂದ ಸೋಲಾಪುರದ ಮಾರ್ಗವಾಗಿ ಸುಮಾರು 300 ಕಿಲೋಮೀಟರು ರೈಲಿನಲ್ಲಿ ಕೂಡಬೇಕು. ಬೆಳಿಗ್ಗೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಊರು. ಅಷ್ಟು ಹೊತ್ತು ಮಕ್ಕಳನ್ನು ಸುಮ್ಮನಿರಿಸುವುದು ಹೇಗೆಂಬುದು ನಮ್ಮ ಮನೆಯ ಹಳೆಯ ಪ್ರಶ್ನೆ.

ಕಳೆದ ದಸರೆಗೆ ಅಮೆರಿಕೆಯಿಂದ ಬಂದ ನನ್ನಾಕೆಯ ಅಣ್ಣನವರು ಈ ಪ್ರಶ್ನೆಗೆ ಉತ್ತರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಬಂದಿದ್ದರು. ಪುಸ್ತಕದಂತೆ ಮಡಚುವ, ಒಂಬತ್ತು ಅಂಗುಲದ ಪರದೆಯ ಪೋರ್ಟಬಲ್ ಬ್ಲೂ-ರೇ ಪ್ಲೇಯರು ಅದು. ತಾವು ಉಪಯೋಗಿಸಿ ಬಿಟ್ಟದ್ದನ್ನು ಭಾವನವರು ಮಕ್ಕಳಿಗೆಂದು ತಂದಿದ್ದರು. ಸುದ್ದಿ ಕಛೇರಿಗೂ ಮುಟ್ಟಿತು. "ಇಂಥದೊಂದನ್ನು ನಾವೂ ಕೊಳ್ಳಬಹುದೇ?" ಎಂದು ಇಬ್ಬರು ಗೆಳೆಯರು ಕೇಳಿದರು. ಆಗ ಕೊಡಲಾಗದಿದ್ದ ಉತ್ತರವನ್ನು ಈಗ, ಒಂದು ಪ್ರಯಾಣವನ್ನು ಮುಗಿಸಿ, ವಾಚಕರೆಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಯಂತ್ರದ ಮರ್ಮವನ್ನು ತಿಳಿಯೋಣ. ಸಾಮಾನ್ಯ ಡಿ.ವಿ.ಡಿ.ಗೂ ಬ್ಲೂ-ರೇ ಡಿಸ್ಕಿಗೂ ಗಾತ್ರದಲ್ಲಿ ಭೇದವಿಲ್ಲ. ಎರಡೂ 12 ಸೆಂಟಿಮೀಟರು ಅಗಲದ ತಟ್ಟೆಗಳೇ. ಭೇದವಿರುವುದು ಅವನ್ನು ಓದುವ ಬೆಳಕಿನಲ್ಲಿ. ಡಿ.ವಿ.ಡಿ.ಯನ್ನು ಓದುವುದು ಕೆಂಪು ಲೇಸರು. ಅದರ ಅಲೆಯ ಉದ್ದ 650 ನ್ಯಾನೋಮೀಟರು. ಬ್ಲೂ-ರೇಯನ್ನು ಓದುವುದು ನೀಲಿ-ನೇರಿಳೆ ಲೇಸರು, ಅದರದು 405. ಮೊನೆ ಚೂಪಾದಷ್ಟೂ ಅಕ್ಷರ ಸಣ್ಣದಾಗಿ ಬರೆಯಬಹುದಲ್ಲವೇ? ಹಾಗೆಯೇ ಅಲೆ ಸಣ್ಣದಾದಷ್ಟೂ ಗುರುತುಗಳನ್ನು ಒತ್ತೊತ್ತಾಗಿ ಕೂಡಿಸಬಹುದು. ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟು ಹಿಡಿದರೆ, ಒಂದು ಪದರದ ಬ್ಲೂ-ರೇಯಲ್ಲಿ 25 ಹಿಡಿಯುತ್ತದೆ. ನಮ್ಮ ದೇಶದ ಪದ್ಧತಿಯ ಡಿ.ವಿ.ಡಿ. ಚಿತ್ರದಲ್ಲಿ ಅಡ್ಡಗೆರೆಗಳು 576, ಬ್ಲೂ-ರೇಯಲ್ಲಿ 1080. ಇದೇ ಹೈ ಡೆಫಿನಿಷನ್ ಎಂಬ ದೊಡ್ಡ ಹೆಸರಿನ ಗುಟ್ಟು. 2006ರಲ್ಲಿ ಬ್ಲೂ-ರೇ ಪೇಟೆಗೆ ಬಂದಾಗ ಎಚ್.ಡಿ. ಡಿ.ವಿ.ಡಿ. ಎಂಬ ಪ್ರತಿಸ್ಪರ್ಧಿಯೂ ಇತ್ತು. 2008ರ ಫೆಬ್ರವರಿಯಲ್ಲಿ ತೋಷಿಬಾ ಅದನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು.

ಸರಿ, ಚಿತ್ರ ಚೆನ್ನೆಂಬುದು ನಿಜವೇ? ಭಾವನವರು ತಂದ ಕಾಡುಪ್ರಾಣಿಗಳ ಚಿತ್ರದ ಡಬ್ಬಿಯಲ್ಲಿ ಬ್ಲೂ-ರೇಯ ಜೊತೆಗೆ ಅದೇ ಚಿತ್ರದ ಡಿ.ವಿ.ಡಿ.ಯೂ ಇತ್ತು. ಮಕ್ಕಳಿಗೆ ಹೇಳದೆ ಒಂದಾದ ಮೇಲೊಂದು ಹಾಕಿ ತೋರಿಸಿದೆ. ಯಾವುದು ಯಾವುದೆಂದು ಅವರಿಗೆ ತಿಳಿಯಲಿಲ್ಲ. ನಾನು ಮೂಗು ತಾಗುವಷ್ಟು ಹತ್ತಿರ ಕೂತಾಗ ಎಲೆಗಳ ಅಂಚಿನಲ್ಲಿ ಮಾತ್ರ ಭೇದ ಕಂಡಿತು. ಕಾರಣವನ್ನು ಲೆಕ್ಕ ಹಾಕಿ ನೋಡಿದೆ. ಗುಮಾಸ್ತನಿಗೆ ಲೆಕ್ಕವೇ ಸಮಾಧಾನ. ಚೆನ್ನಾಗಿರುವ ಕಣ್ಣು ಬೇರೆಬೇರೆಯಾಗಿ ಕಾಣಬಲ್ಲ ಎರಡು ಚುಕ್ಕೆಗಳ ನಡುವಣ ಕೋನ ಸುಮಾರಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು. 60 ಸೆಂಟಿಮೀಟರು ದೂರದಲ್ಲಿ, ಸುಮಾರು 20 ಸೆಂಟಿಮೀಟರು ಅಗಲದ ಪರದೆಯ ಮೇಲೆ, ಅಡ್ಡಲಾಗಿ ಸಾವಿರದ ನೂರೈವತ್ತರಷ್ಟು ಚುಕ್ಕೆಗಳನ್ನು ಮಾತ್ರ ಕಣ್ಣು ಬಿಡಿಸಿ ನೋಡೀತು. ಬ್ಲೂ-ರೇ ಕೊಡುವುದು 1920. ಅದಕ್ಕೂ ಹೆಚ್ಚಿನ ವಿನೋದವೆಂದರೆ, ನಮ್ಮ ಯಂತ್ರದ ಪರದೆಯಲ್ಲಿಯೇ ಅಡ್ಡಲಾಗಿ ಇರುವ ಚುಕ್ಕೆಗಳು 1024! ಬೊಗಸೆ ಹಿಡಿದು ಕೆರೆಯ ನೀರನ್ನೆಲ್ಲ ಬೇಡಿದಂತಾಯಿತು. ದೊಡ್ಡ ಟೆಲಿವಿಷನ್ನಿಗೆ ಜೋಡಿಸಿದರೆ ಬ್ಲೂ-ರೇಯ ಸೊಗಸು ಕಂಡೀತು. ಆದರೆ ದೊಡ್ಡ ಟೆಲಿವಿಷನ್ನನ್ನು ಯಾರೂ ದೌಂಡಿನ ಬಸ್ಸಿಗೆ ಏರಿಸುವುದಿಲ್ಲ.

ಇನ್ನು ಪ್ರಯಾಣದ ಅನುಭವ. ಬಸ್ಸಿನಲ್ಲಿ ಚಿರಂಜೀವಿಯು ತೊಡೆಯ ಮೇಲೆ ಯಂತ್ರವನ್ನಿಟ್ಟುಕೊಂಡು ಅರ್ಧ ಗಂಟೆ ನೋಡಿದ. ಆಮೇಲೆ ಮುಖ ಬಾಡಿತು, ಹೊಟ್ಟೆ ತೊಳಸಿತು. ದೇಹ ಓಲಾಡುತ್ತಿದೆಯೆಂದು ಒಳಗಿವಿ ಹೇಳುತ್ತದೆ. ಎಲ್ಲವೂ ನಿಂತಿದೆಯೆಂದು ಪರದೆಗೆ ನೆಟ್ಟ ಕಣ್ಣು ಹೇಳುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ದಂಡ ತೆರುವುದು ಹೊಟ್ಟೆ. ಬಸ್ಸಿನ ಹಾದಿಗೆ ಕಿಟಕಿಯೇ ಮೇಲು. ರೈಲಿನಲ್ಲಿ ಪರವಾಗಿಲ್ಲ, ಸಮವಾಗಿ ಓಡುತ್ತದೆ. ಆದರೆ ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬಿದ್ದರೆ ನಮ್ಮ ಮುಖವೇ ನಮಗೆ ಕಾಣುತ್ತದೆ. ಬ್ಯಾಟರಿ ಎರಡೂವರೆ ಗಂಟೆಗೆ ಮುಗಿಯಿತು. ಡಿಸ್ಕನ್ನು ತಿರುಗಿಸುವ ಮೋಟಾರಿಗೂ ಲೇಸರಿಗೂ ಪರದೆಗೂ ಒಟ್ಟಿಗೆ ವಿದ್ಯುತ್ತು ಉಣಿಸಬೇಕಾದ ಯಂತ್ರಕ್ಕೆ ಹಸಿವು ಹೆಚ್ಚು. ಡಬ್ಬಿಯಲ್ಲಿದ್ದ ಒಂದೇ ವಿದ್ಯುತ್ ಕುಳಿಯನ್ನು ಮೂರು ಮೊಬೈಲುಗಳು ಕಾದುಕೊಂಡಿದ್ದವು. ನಮ್ಮ ಪಾಳಿ ಬರುವ ಹೊತ್ತಿಗೆ ಕುರ್ಡುವಾಡಿ ದಾಟಿತ್ತು.

ಯಂತ್ರಕ್ಕೆ ಜೀವ ಬಂದಾಗ ಅದುವರೆಗೂ ಕಿಟಕಿಯ ಬಳಿ ಸುಮ್ಮನೆ ಕೂತಿದ್ದ ನಮ್ಮ ತಾಯಿಯವರು ತಮ್ಮ ಕೈಚೀಲದಿಂದ ಒಂದು ಡಿಸ್ಕನ್ನು ತೆಗೆದುಕೊಟ್ಟರು. ನನ್ನ ಅಕ್ಕನ ಮದುವೆಯದು, 2009ರದು. ಅದರಲ್ಲಿ ನಮ್ಮ ತಂದೆಯವರು ಬೀಗರನ್ನು ಪಂಕ್ತಿಯಲ್ಲಿ ಉಪಚರಿಸುತ್ತ ನಾಲ್ಕು ಮಾತನಾಡಿದ್ದಾರೆ. ತಂದೆಯವರು 2013ರಲ್ಲಿ ತೀರಿಕೊಂಡರು. ಅವರ ಧ್ವನಿ ನಮ್ಮಲ್ಲಿರುವುದು ಅದೊಂದೇ ಕಡೆ. ಕೆಟ್ಟುಹೋದ ಹಳೆಯ ಪ್ಲೇಯರಿನ ಜಾಗಕ್ಕೆ ಇದು ಬಂದಿತೆಂದು ತಾಯಿಯವರು ಮನಸ್ಸಿನಲ್ಲಿಯೇ ಹಿಗ್ಗಿ, ಯಾರಿಗೂ ಹೇಳದೆ ಡಿಸ್ಕನ್ನು ತಂದಿದ್ದರು.

ಡಿಸ್ಕನ್ನು ಹಾಕಿದೆ. ಯಂತ್ರವು ಎರಡು ಸಲ ಗುರುಗುಟ್ಟಿ, ಇದು ತನ್ನಿಂದಾಗದೆಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. "ಇರಲಿ ಬಿಡಪ್ಪ, ಮಕ್ಕಳದನ್ನೇ ಹಾಕು," ಎಂದು ತಾಯಿಯವರು ಮತ್ತೆ ಕಿಟಕಿಯ ಕಡೆಗೆ ತಿರುಗಿದರು. ಅನಂತರ ಸೋಲಾಪುರದವರೆಗೂ ಮಾತನಾಡಲಿಲ್ಲ.

ಏಕೆ ಹೀಗಾಯಿತೆಂದು ಊರಿಗೆ ಹೋದ ಮೇಲೆ ವಿಚಾರಿಸಿ ತಿಳಿದುಕೊಂಡೆ. ಟೆಲಿವಿಷನ್ ಚಿತ್ರಕ್ಕೆ ನಮ್ಮ ದೇಶದ ಪದ್ಧತಿ ಪಾಲ್. ಸೆಕೆಂಡಿಗೆ 25 ಚಿತ್ರ. ಅಮೆರಿಕೆಯ ಪದ್ಧತಿ ಎನ್.ಟಿ.ಎಸ್.ಸಿ.; ಸೆಕೆಂಡಿಗೆ ಸುಮಾರು 30. ಇಲ್ಲಿಯ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಬಲ್ಲವು. ಅಲ್ಲಿಯ ಎಷ್ಟೋ ಪ್ಲೇಯರುಗಳು ತಮ್ಮದನ್ನು ಮಾತ್ರ ಬಲ್ಲವು. ಇದಲ್ಲದೆ ಪ್ರಾಂತಗಳ ಬೀಗವೊಂದಿದೆ. ಡಿ.ವಿ.ಡಿ.ಗೆ ಅಮೆರಿಕೆ ಒಂದನೆಯ ಪ್ರಾಂತ, ಭಾರತ ಐದನೆಯದು. ಬ್ಲೂ-ರೇಗೆ ಅಮೆರಿಕೆ ಎ, ಯೂರೋಪು ಬಿ, ಭಾರತ ಸಿ. ಒಂದು ಪ್ರಾಂತಕ್ಕೆಂದೇ ಬೀಗ ಹಾಕಿದ ಡಿಸ್ಕು ಇನ್ನೊಂದು ಪ್ರಾಂತದ ಯಂತ್ರದಲ್ಲಿ ಓಡದು. ಪರದೇಶದಿಂದ ಬರುವ ಬಂಧುಗಳಿಗೆ "ಒಂದು ಪ್ಲೇಯರು ತಂದುಬಿಡಿ" ಎಂದು ಬರೆಯುವವರು ಇದನ್ನು ಮೊದಲು ನೆನೆಯಬೇಕು. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಯಂತ್ರದ ಭಾಷಾಜ್ಞಾನದಲ್ಲಿ.

ಶಿರೂರಿಗೆ ಹಿಂತಿರುಗಿ ಆ ಡಿಸ್ಕನ್ನು ಕಛೇರಿಯ ಗೆಳೆಯರೊಬ್ಬರ ಹಳೆಯ ಕಂಪ್ಯೂಟರಿನಲ್ಲಿ ಹಾಕಿದಾಗ ಇನ್ನೊಂದು ಕಹಿ ಸಂಗತಿ ಹೊರಬಿತ್ತು. ಡಿಸ್ಕೇ ಅಲ್ಲಲ್ಲಿ ನಿಲ್ಲುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕಿನಲ್ಲಿ ಗುರುತುಗಳು ಪ್ಲಾಸ್ಟಿಕ್ಕಿನಲ್ಲಿಯೇ ಕುಳಿಗಳಾಗಿ ಇರುತ್ತವೆ. ಮದುವೆಯ ಛಾಯಾಗ್ರಾಹಕರು ಬರೆದುಕೊಡುವ ಡಿಸ್ಕಿನಲ್ಲಿ ಅವು ತೆಳ್ಳನೆಯ ಬಣ್ಣದ ಪದರದ ಮೇಲಿನ ಸುಟ್ಟ ಕಲೆಗಳು. ಬಿಸಿಲು, ಸೆಕೆ, ತೇವಗಳಿಂದ ಆ ಬಣ್ಣ ಕೆಡುತ್ತದೆ. ನಾವು ಅದನ್ನು ವರ್ಷಾನುಗಟ್ಟಲೆ ಕಿಟಕಿಯ ಮಾಡಿನಲ್ಲಿ ಇಟ್ಟಿದ್ದೆವು. ಗೆಳೆಯರು ಎರಡು ಸಂಜೆ ಕೂತು, ಓದಲು ಬಂದಷ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಧಾರೆಯ ಭಾಗ ಹೋಗಿತ್ತು. ಪಂಕ್ತಿಯ ಭಾಗದಲ್ಲಿ ಚಿತ್ರ ಒಡೆದು ಚೌಕಚೌಕವಾಗಿತ್ತು. ಧ್ವನಿ ಮಾತ್ರ ಉಳಿದಿತ್ತು. "ಇನ್ನೊಂದು ಹೋಳಿಗೆ ಹಾಕಿಸ್ಕೋರಿ, ನಾಚಬ್ಯಾಡ್ರಿ" ಎಂದು ತಂದೆಯವರು ಯಾರಿಗೋ ಹೇಳುತ್ತಾರೆ. ತಾಯಿಯವರು ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು.

ಈಗ ಗೆಳೆಯರ ಪ್ರಶ್ನೆಗೆ ಉತ್ತರ. ಪ್ರವಾಸಕ್ಕೆಂದು ಹೊಸದಾಗಿ ಹೈ ಡೆಫಿನಿಷನ್ ಡಿಸ್ಕ್ ಪೆಟ್ಟಿಗೆಯನ್ನು ಕೊಳ್ಳಬೇಡಿ. ಅದರ ಸೊಗಸು ಸಣ್ಣ ಪರದೆಯಲ್ಲಿ ಕಾಣದು. ಡಿಸ್ಕುಗಳ ಪೇಟೆಯೂ ಕುಗ್ಗುತ್ತ ಬಂದಿದೆ. ನಮ್ಮಲ್ಲಿ ಅಗ್ಗದ ದರದಲ್ಲಿ ಸಿನಿಮಾ ಡಿಸ್ಕುಗಳನ್ನು ಹಂಚಿದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನಕ್ಕೆ ಹೋಯಿತು. ಅಂಚೆಯಲ್ಲಿ ಡಿಸ್ಕು ಕಳಿಸಿಯೇ ಬೆಳೆದ ಅಮೆರಿಕೆಯ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಮಕ್ಕಳಿಗೆ ಬೇಕಾದ ಚಿತ್ರವನ್ನು ಹೊರಡುವ ಮುನ್ನ ಮನೆಯಲ್ಲಿಯೇ ಮೊಬೈಲಿಗೋ ಟ್ಯಾಬ್ಲೆಟ್ಟಿಗೋ ಇಳಿಸಿಕೊಂಡರೆ ದಾರಿಯಲ್ಲಿ ನೆಟ್‌ವರ್ಕು ಕೈಕೊಟ್ಟರೂ ಚಿಂತೆಯಿಲ್ಲ. ಕಿವಿಗೆ ಇಯರ್‌ಫೋನು ಮರೆಯಬಾರದು, ಸಹಪ್ರಯಾಣಿಕರಿಗೂ ಕಿವಿಗಳಿವೆ.

ಹಾಗೆಂದು ಇರುವ ಪ್ಲೇಯರನ್ನು ಗುಜರಿಗೆ ಹಾಕಬೇಕೆಂದಲ್ಲ. ಮೊಬೈಲಿನ ಸೂಕ್ಷ್ಮಗಳು ಒಗ್ಗದ ಹಿರಿಯರಿಗೆ ಮೂರು ಗುಂಡಿಗಳ ಸಾದಾ ಡಿ.ವಿ.ಡಿ. ಪ್ಲೇಯರು ಇಂದಿಗೂ ಉಪಕಾರಿ. ಗುಪ್ತಪದ ಬೇಡ, ತಿಂಗಳ ಚಂದಾ ಬೇಡ. ಬ್ಲೂ-ರೇ ಮಾತ್ರ ಪ್ರವಾಸಕ್ಕೆ ಅನಾವಶ್ಯಕ.

ಕೊಳ್ಳಲೆಂದು ತೆಗೆದಿಟ್ಟ ಹಣವಿದ್ದರೆ ಅದರ ಸಣ್ಣದೊಂದು ಭಾಗದಲ್ಲಿ ಈ ಕೆಲಸ ಮಾಡಿ. ಮನೆಯ ಕಪಾಟಿನಲ್ಲಿರುವ ಮದುವೆ, ಮುಂಜಿವೆ, ನಾಮಕರಣಗಳ ಡಿಸ್ಕುಗಳನ್ನು ಈ ಭಾನುವಾರವೇ ಹೊರತೆಗೆದು, ಎರಡು ಬೇರೆಬೇರೆ ಕಡೆ ಪ್ರತಿ ಮಾಡಿಸಿ, ಒಂದನ್ನು ಅಕ್ಕತಂಗಿಯರ ಮನೆಯಲ್ಲಿಡಿ. ನಾವು ಮಾಡಿದ್ದು ತಡವಾಗಿ. ಬರುವ ಯುಗಾದಿಗೆ ಮತ್ತೆ ಕಲಬುರ್ಗಿಯ ಪ್ರಯಾಣವಿದೆ. ಈ ಸಲ ಮಕ್ಕಳಿಗೆ ಟ್ಯಾಬ್ಲೆಟ್ಟು. ತಾಯಿಯವರಿಗೆ ಕಿಟಕಿಯ ಸೀಟು, ಇಯರ್‌ಫೋನು ಮತ್ತು ತಂದೆಯವರ ಆ ನಾಲ್ಕು ಮಾತು.