ಆರು ತಿಂಗಳಾದರೂ ಕೂಡದ ತೋಳೆಲುಬು

ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದೋ ಬೈಕ್ ಜಾರಿಯೋ ತೋಳು ಮುರಿದರೆ, ಬೆಳಗಾವಿ ಜಿಲ್ಲೆಯ ಯರಗಟ್ಟಿ, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಜನ ಮೊದಲು ಹೋಗುವುದು ಎಲುಬು ಕಟ್ಟುವವರ ಹತ್ತಿರ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಎಷ್ಟೋ ಸಲ ಕೂಡುತ್ತದೆ, ಏಕೆಂದರೆ ತೋಳಿನ ಉದ್ದನೆಯ ಎಲುಬು ಸ್ವಭಾವತಃ ಚೆನ್ನಾಗಿ ಕೂಡುವಂಥದ್ದು. ಕೂಡದೇ ಉಳಿದಾಗ ತಪ್ಪು ನಂಬಿಕೆಗಳ ಕಾಟ ಶುರುವಾಗುತ್ತದೆ.

‘ನೋವಿಲ್ಲ ಅಂದ್ಮ್ಯಾಲೆ ಕೂಡೈತಿ’ ಎನ್ನುತ್ತಾರೆ. ಹಾಗಲ್ಲ. ಮುರಿದ ತುದಿಗಳ ನಡುವೆ ಎಲುಬಿನ ಬದಲು ನಾರು ಬೆಳೆದರೆ ನೋವು ತಗ್ಗಬಹುದು. ಆದರೆ ತೋಳೆತ್ತಿದಾಗ ಕೀಲೇ ಇಲ್ಲದ ಜಾಗದಲ್ಲಿ ಅದು ಬಾಗುತ್ತದೆ. ವೈದ್ಯರು ಇದನ್ನು ಸುಳ್ಳು ಕೀಲು ಎನ್ನುತ್ತಾರೆ.

‘ಇನ್ನೊಂದಿಷ್ಟು ದಿನ ಕಾಯೋಣ’ ಎಂಬುದು ಇದಕ್ಕಿಂತ ಹೆಚ್ಚು ನಷ್ಟ ತರುವ ಮಾತು. ತೋಳೆಲುಬು ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕೂಡಿರುತ್ತದೆ. ಆರು ತಿಂಗಳಾದರೂ ಎಕ್ಸ್‌-ರೇಯಲ್ಲಿ ಬೆಸುಗೆ ಕಾಣದಿದ್ದರೆ ಅದು ತಾನಾಗಿ ಕೂಡುವ ಸಾಧ್ಯತೆ ಬಹಳ ಕಡಿಮೆ. ಅಷ್ಟರಲ್ಲಿ ಬಳಕೆಯಿಲ್ಲದ ಎಲುಬು ಟೊಳ್ಳಾಗುತ್ತದೆ, ಮೊಣಕೈ, ಭುಜ ಬಿಗಿಯುತ್ತವೆ, ಮುಂದೆ ಸ್ಕ್ರೂ ಹಾಕಿದರೂ ಹಿಡಿತ ಸಿಗುವುದು ಕಷ್ಟ.

ಇನ್ನು ‘ಕ್ಯಾಲ್ಸಿಯಂ ಗುಳಿಗೆ, ಎಣ್ಣೆ ತಿಕ್ಕಿದರ ಸಾಕು’ ಎಂಬ ಮಾತು. ಪೋಷಣೆ ಬೇಕು, ನಿಜ. ಆದರೆ ಎಲುಬು ಕೂಡಲು ಮುಖ್ಯವಾಗಿ ಬೇಕಾದದ್ದು ರಕ್ತ ಸಂಚಾರ ಮತ್ತು ಅಲುಗದ ಸ್ಥಿತಿ. ತಿಕ್ಕಿದರೆ ಅಲುಗುವುದೇ ಹೆಚ್ಚು. ಬೀಡಿ ರಕ್ತ ಸಂಚಾರವನ್ನು ತಗ್ಗಿಸುತ್ತದೆ. ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಸಕ್ಕರೆ ಕಾಯಿಲೆಯೂ ಅಡ್ಡಿ.

ಎಕ್ಸ್‌-ರೇಯಲ್ಲಿ ಕೂಡದ ಎಲುಬಿನ ತುದಿ ಆನೆಯ ಪಾದದಂತೆ ಅಗಲವಾಗಿದ್ದರೆ ರಕ್ತ ಇದೆ, ಸ್ಥಿರತೆ ಇಲ್ಲ ಎಂದರ್ಥ. ಅಲ್ಲಿ ಪ್ಲೇಟ್ ಕೂಡಿಸಿ ಎರಡೂ ತುದಿಗಳನ್ನು ಒತ್ತಿ ಹಿಡಿದರೆ ಬಹಳ ಸಲ ಸಾಕಾಗುತ್ತದೆ. ತುದಿ ಪೆನ್ಸಿಲ್‌ನಂತೆ ಚೂಪಾಗಿದ್ದರೆ ಎಲುಬು ಸತ್ವ ಕಳೆದುಕೊಂಡಿರುತ್ತದೆ. ಆಗ ಸರ್ಜನ್ ನಾರನ್ನೆಲ್ಲ ತೆಗೆದು, ತುದಿಗಳಲ್ಲಿ ರಕ್ತದ ಸಣ್ಣ ಸಣ್ಣ ಕೆಂಪು ಚುಕ್ಕಿ ಮೂಡುವವರೆಗೆ ಕೆತ್ತುತ್ತಾರೆ. ಆ ಚುಕ್ಕಿಗಳೇ ಜೀವಂತ ಎಲುಬಿನ ಗುರುತು. ಬಳಿಕ ಸೊಂಟದ ಎಲುಬಿನಿಂದ ತೆಗೆದ ಮೃದು ಚೂರುಗಳನ್ನು ಅಲ್ಲಿ ತುಂಬಿ ಪ್ಲೇಟ್ ಬಿಗಿಯುತ್ತಾರೆ. ಮಣಿಕಟ್ಟನ್ನು ಮೇಲೆತ್ತುವ ನರ ತೋಳೆಲುಬಿಗೆ ಸುತ್ತಿಕೊಂಡೇ ಸಾಗುವುದರಿಂದ ಎಷ್ಟೋ ಆಪರೇಷನ್‌ಗಳಲ್ಲಿ ಮೊದಲು ಆ ನರವನ್ನು ಹುಡುಕಿ ಜೋಪಾನ ಮಾಡಬೇಕು. ಈ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಹಳೆಯ ಗಾಯದಲ್ಲಿ ಕೀವು, ಸೋಂಕು ಇದ್ದರೆ ಮೊದಲು ಅದನ್ನು ವಾಸಿಮಾಡಬೇಕು.

‘ಪ್ಲೇಟ್ ಒಳಗ ತುಕ್ಕು ಹಿಡೀತೈತಿ, ತೆಗೀಲೇಬೇಕು’ ಎಂಬ ಹೆದರಿಕೆ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟೇನಿಯಂ ಪ್ಲೇಟ್ ತೊಂದರೆ ಕೊಡದಿದ್ದರೆ ಜೀವನಪೂರ್ತಿ ಇರಬಹುದು. ಮುಂಗೈಯಲ್ಲಂತೂ ಅವಸರದಿಂದ ತೆಗೆದರೆ ಅದೇ ಜಾಗದಲ್ಲಿ ಮತ್ತೆ ಮುರಿಯುವ ಅಪಾಯವಿದೆ.

ಯರಗಟ್ಟಿಯಿಂದ ನೇಸರಗಿ ಮೇಲೆ ಹೋದರೆ ಬೆಳಗಾವಿಯ ಬಿಮ್ಸ್ ಸಿಗುತ್ತದೆ, ಧಾರವಾಡ ದಾರಿ ಹಿಡಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಎರಡೂ ಸರ್ಕಾರಿ ಆಸ್ಪತ್ರೆ. ಹೋಗುವಾಗ ಬಿಪಿಎಲ್ ಕಾರ್ಡಿನ ಜೊತೆಗೆ ಹಳೆಯ ಎಕ್ಸ್‌-ರೇ ಫಿಲ್ಮ್‌ಗಳನ್ನೂ ಒಯ್ಯಿರಿ. ಮೊದಲ ದಿನದ ಫಿಲ್ಮ್ ಪಕ್ಕದಲ್ಲಿ ಇವತ್ತಿನದನ್ನು ಇಟ್ಟು ನೋಡಿದರೆ, ಇಷ್ಟು ತಿಂಗಳಲ್ಲಿ ಎಲುಬು ಎಷ್ಟು ಕೂಡಿದೆ ಎಂಬುದು ಕಣ್ಣಿಗೇ ಕಾಣುತ್ತದೆ.