ಗಾಯಕ್ಕೆ ಜೇನುತುಪ್ಪ ಹಚ್ಚಬಹುದೇ?

ಸ್ಕಂದಗಿರಿಯ ಸುತ್ತಲ ಹಳ್ಳಿಗಳಿಂದ ಬರುವವರು ಕೇಳುವುದುಂಟು: "ಡಾಕ್ಟ್ರೇ, ಮಾತ್ರೆ ನುಂಗಿದರೂ ಗಾಯ ಮಾಯುತ್ತಿಲ್ಲ, ಬೆಟ್ಟದ ಜೇನುತುಪ್ಪ ಹಚ್ಚಲೇ?"

ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಆಂಟಿಬಯೋಟಿಕ್‌ಗಳನ್ನು ಬೇಕಾಬಿಟ್ಟಿಯಾಗಿ ಬಳಸಿದ್ದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚಿವೆ. ಜೇನು ಕೆಲಸ ಮಾಡುವ ರೀತಿಯೇ ಬೇರೆ. ಅದರ ಸಕ್ಕರೆ ರೋಗಾಣುಗಳಲ್ಲಿನ ನೀರನ್ನು ಹೀರುತ್ತದೆ, ಆಮ್ಲಗುಣ ಅವುಗಳ ಬೆಳವಣಿಗೆ ತಡೆಯುತ್ತದೆ. ಗಾಯದ ತೇವ ತಾಗಿದಾಗ ಜೇನಿನ ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗುತ್ತದೆ. ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ಕೂಡ ಪ್ರಯೋಗಾಲಯದಲ್ಲಿ ಜೇನಿಗೆ ಸೋತಿದೆ.

ನೆರೆಯ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ಮಂದಿಯ ಮೇಲ್ಮೈ ಸುಟ್ಟಗಾಯಗಳನ್ನು ಪರೀಕ್ಷಿಸಿ 1991ರಲ್ಲಿ ವರದಿ ಪ್ರಕಟಿಸಿದರು. ಜೇನು ಹಚ್ಚಿದ 52 ಮಂದಿಯಲ್ಲಿ ಶೇ. 91ರಷ್ಟು ಗಾಯಗಳು ಏಳು ದಿನಗಳೊಳಗೆ ರೋಗಾಣುರಹಿತವಾಗಿದ್ದವು. ಆದರೆ ಇದು ಚಿಕ್ಕ ಅಧ್ಯಯನ. ಎಲ್ಲ ಗಾಯಕ್ಕೂ ಅನ್ವಯಿಸದು.

ಹಾಗೆಂದು ಮನೆಯ ಜೇನನ್ನು ಗಾಯಕ್ಕೆ ಸುರಿಯಬೇಡಿ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೀಜಾಣುಗಳಿರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದೆನ್ನುವುದೂ ಇದಕ್ಕೇ. ಚಿಕಿತ್ಸೆಗೆ ಬಳಸುವುದು ಗಾಮಾ ಕಿರಣಗಳಿಂದ ಶುದ್ಧೀಕರಿಸಿದ ಜೇನನ್ನು.

ಜ್ವರ, ಕೀವು, ಹಬ್ಬುತ್ತಿರುವ ಕೆಂಪು ಅಥವಾ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಿದರೆ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯುತ್ತದೆ. ಜೇನು ಅದರ ಜೊತೆಗಿರಲಿ, ಅದರ ಬದಲಿಗಲ್ಲ.